ಒಂದು ಟೊಪ್ಪಿಗೆ ಹೆಚ್ಚಿಗೆ

ಏಪ್ರಿಲ್ ಮೊದಲ ವಾರದಲ್ಲಿ ನನಗೊಂದು ಫೋನ್ ಬರುತ್ತಿತ್ತು. ಹಲೋ ಇಲ್ಲ, ಆರಾಮ ಇದ್ದೀಯಾ ಇಲ್ಲ. "ಟೊಪ್ಪಿಗಿ ಮಾಡೀರೇನು? ನಂದೊಂದು ತಗದಿಡು" ಎಂದು ಹೇಳಿ ಇಟ್ಟುಬಿಡುತ್ತಿದ್ದರು. ಈ ವರ್ಷ ಆ ಫೋನ್ ಬರಲಿಲ್ಲ. ಸಂಕ್ರಾಂತಿ ಕಳೆದ ವಾರದಲ್ಲಿ ಬಾಯಾರು ತೀರಿಕೊಂಡರು.

ನಮ್ಮ ವಿಜಯಪುರದ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಬಾಯಾರು ಎನ್ನುತ್ತಾರೆ. ಇವರ ಹೆಸರು ನಾನು ಬರೆಯುವುದಿಲ್ಲ. ಬರೆದಿದ್ದರೆ, "ನನ್ನ ಹೆಸರು ತಗೊಂಡು ಏನು ಉಪ್ಪಿನಕಾಯಿ ಹಾಕ್ತೀಯೇನ" ಅನ್ನುತ್ತಿದ್ದರು. ಸರಕಾರಿ ಸಾಲಿಯಿಂದ ನಿವೃತ್ತರಾದ ಮೇಲೆ ಊರಿನ ಒಂದು ಮಂಡಳಿಯ ಬೇಸಿಗೆ ಶಿಬಿರ ನಡೆಸುತ್ತಿದ್ದರು. ನಾನು ಆಗಷ್ಟೇ ಡಿ.ಎಡ್. ಮುಗಿಸಿ ಕೆಲಸವಿಲ್ಲದೆ ಕುಳಿತವಳು. ಮಕ್ಕಳಿಗೆ ಹಾಡು ಹೇಳಿಕೊಟ್ಟು ಬೇಸಿಗೆ ಕಳೆದರಾಯಿತು ಎಂದುಕೊಂಡು ಹೋದೆ. ಮೊದಲನೆಯ ದಿನವೇ ಅವರು ನನ್ನ ಕೈಗೆ ಒಂದು ಹಳೆಯ ಕ್ಯಾಲೆಂಡರಿನ ಹಾಳೆ ಕೊಟ್ಟು, ಹಿಂದಿನ ಖಾಲಿ ಬದಿ ತಿರುಗಿಸಿ, "ಬರಿ" ಎಂದರು.

"ಏನು ಬರೀಲ್ರಿ?"

"ನಾಳೆ ಸಂತಿ ದಿನ. ಹುಡುಗ್ರು ಅಂಗಡಿ ಇಡ್ತಾರ, ಮಾರ್ತಾರ, ಕೊಳ್ತಾರ. ಅದರಾಗ ಏನೇನು ಕೆಡ್ತೈತಿ, ಬರಿ."

ನಮ್ಮ ಶಿಬಿರದಲ್ಲಿ ದಿನಕ್ಕೊಂದು ಹೆಸರು. ಸಂತಿ ದಿನ, ಗಾಳಿ ದಿನ, ನೀರಿನ ದಿನ, ಚಂದ್ರನ ದಿನ. ಆ ದಿನದ ಹಾಡು, ಆಟ, ಊಟ, ತಲೆಯ ಮೇಲಿನ ಕಾಗದದ ಟೊಪ್ಪಿಗೆ ಎಲ್ಲ ಆ ಹೆಸರಿಗೆ ತಕ್ಕಂತೆ. ಕೆಲವು ದಿನ ಸುತ್ತಲಿನ ಊರುಗಳಿಗೆ ಹೋಗಿ ಮಾಡುತ್ತಿದ್ದೆವು. ಬೇರೆ ಕಡೆ ಇಂಥ ದಿನ ಮಾಡುವವರು ಆಟಗಳ ಪಟ್ಟಿ ಬರೆಯುತ್ತಾರೆ. ಬಾಯಾರು ಮೊದಲು ಬರೆಸುತ್ತಿದ್ದುದು ಅಂಜಿಕಿ ಪಟ್ಟಿ. ಬಿಸಿಲು ಬಡಿದರೆ ಯಾರು ಓಡಬೇಕು, ಮೂಗಿನಿಂದ ರಕ್ತ ಬಂದರೆ ಅರಿವೆ ಎಲ್ಲಿದೆ, ಒಂದಕ್ಕೆ ಹೋಗುತ್ತೇನೆಂದವಳ ಸಂಗಡ ಯಾರು ಹೋಗುತ್ತಾರೆ. ನಾನು ಎಂಟು ಅಂಜಿಕೆ ಬರೆದೆ. ಅವರು ಓದಿ, "ಇಷ್ಟ ಏನು? ನೀ ಭಾಳ ಧೈರ್ಯವಂತಿ ಬಿಡು" ಎಂದು ನಕ್ಕರು. ಧೈರ್ಯವಂತಿ ಎನ್ನುವುದು ಅವರ ಬಾಯಲ್ಲಿ ಬೈಗುಳ ಎಂದು ನನಗೆ ತಿಳಿಯಲು ಎರಡು ದಿನ ಬೇಕಾಯಿತು.

ಪಟ್ಟಿ ಆದ ಮೇಲೆ ತಾಲೀಮು. ಆ ದಿನದ ಹಿಂದಿನ ಸಂಜೆ ನಾವು ಐದಾರು ಜನ ಶಿಕ್ಷಕರೇ ಮಕ್ಕಳಾಗಬೇಕು. ಬಾಯಾರು ಎಲ್ಲರಿಗಿಂತ ಕಾಟದ ಹುಡುಗಿ. ಹಲ್ಲಿಲ್ಲದವರ ಹಾಗೆ ಮಾತಾಡುವುದು, ಅಳುವುದು, ಪಕ್ಕದವನ ಚಿಕ್ಕಿ ಕಸಿಯುವುದು. ಬಬಲೇಶ್ವರದ ಸಾಲಿಯೊಂದರ ಅಂಗಳದಲ್ಲಿ ಸಂತಿ ದಿನದ ತಾಲೀಮು ನಡೆದಿದ್ದಾಗ ನಡುವೆಯೇ ಮಾಯವಾದರು. ನಾವು ಅಡುಗೆ ಕೋಣೆ, ಸಂಡಾಸು, ಹಿತ್ತಲು ಎಲ್ಲ ಹುಡುಕಿದೆವು. ಇಪ್ಪತ್ತು ನಿಮಿಷವಾದ ಮೇಲೆ ಹೊರಗಿನ ರಸ್ತೆಯ ಪಕ್ಕ ಚಹಾದ ಅಂಗಡಿಯಲ್ಲಿ ಸಿಕ್ಕರು. ಅರುವತ್ತು ದಾಟಿದ ಹೆಂಗಸು, ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತ ಕುಳಿತು ಬಿಸ್ಕೀಟು ತಿನ್ನುತ್ತಿದ್ದರು.

"ಬಾಯಾರ, ಜೀವ ಹೋಗಿತ್ರೀ ನಮ್ದು!"

"ಹೋಗಬೇಕು. ಇವತ್ತ ಹೋದ್ರ ನಾಳೆ ಉಳಿತೈತಿ. ಆ ಗೇಟಿಗೆ ಕೀಲಿ ಇಲ್ಲ, ಯಾರೂ ನೋಡಿಲ್ಲ. ಪಟ್ಟಿಗೆ ಬರ್ಕೊ."

ಮಮದಾಪುರದ ಕೆರೆಯ ದಂಡೆಯಲ್ಲಿ ನೀರಿನ ದಿನ ಮಾಡಬೇಕೆಂದು ಎಲ್ಲ ಸಿದ್ಧವಾಗಿತ್ತು. ತಾಲೀಮಿನಲ್ಲಿ ಮೆಟ್ಟಿಲಿನ ಪಾಚಿಯ ಮೇಲೆ ಅವರೇ ಜಾರಿ ಕುಳಿತರು. ಸೀರೆ ಝಾಡಿಸುತ್ತ ಎದ್ದವರು, "ಕೆರಿ ರದ್ದು" ಎಂದರು. ಮರುದಿನ ಸಾಲಿಯ ಅಂಗಳದಲ್ಲಿ ನಾಲ್ಕು ಕೊಡ, ಎರಡು ಬಕೆಟ್ಟು ಇಟ್ಟುಕೊಂಡು ನೀರಿನ ದಿನ ಆಯಿತು. ಮಕ್ಕಳು ಹುಚ್ಚೆದ್ದು ಕುಣಿದವು. ಬಾಯಾರು ಮಾತ್ರ ಮೂಲೆಯಲ್ಲಿ ನಿಂತು ಬೆರಳು ಮಡಿಚುತ್ತ ಮಕ್ಕಳನ್ನು ಎಣಿಸುತ್ತಿದ್ದರು. ಇಡೀ ಶಿಬಿರದಲ್ಲಿ ಅವರು ಕುಣಿದದ್ದನ್ನು ನಾನು ನೋಡಲೇ ಇಲ್ಲ. ಸೊಂಟದ ಚೀಲದಲ್ಲಿ ಬಿಸಿಲು ಬಡಿಯಬಾರದೆಂದು ಒಂದು ಉಳ್ಳಾಗಡ್ಡಿ, ಬಾಯಲ್ಲಿ ಎಣಿಕೆ.

ಎಣಿಕೆಗೆ ಅವರದೊಂದೇ ಕಟ್ಟಳೆ. "ಮುಖಾ ನೋಡಿ ಎಣಸು. ಅರಿವಿ ನೋಡಿ ಅಲ್ಲ, ತಲಿ ನೋಡಿ ಅಲ್ಲ. ಮುಖಾ." ಟೊಪ್ಪಿಗೆಗೂ ಒಂದೇ ಕಟ್ಟಳೆ. ಮಕ್ಕಳು ಎಷ್ಟೋ ಅದಕ್ಕಿಂತ ಹತ್ತು ಹೆಚ್ಚಿಗೆ ಮಾಡಬೇಕು. ಹೊರಗೆ ಹೋದಲ್ಲಿ ಆ ಊರ ಮಕ್ಕಳು ಬೇಲಿ ಹಿಡಿದು ನಿಂತು ನೋಡುತ್ತಾರಲ್ಲ, ಅವರ ತಲೆ ಖಾಲಿ ಇರಬಾರದು. ಅವರಿಗೂ ಟೊಪ್ಪಿಗೆ ಕೊಟ್ಟು ಆಟಕ್ಕೆ ಕರೆಯುವುದು. ನಮ್ಮ ಮಕ್ಕಳ ಟೊಪ್ಪಿಗೆಯ ಮೇಲೆ ಹೆಸರು ಇರುತ್ತಿತ್ತು, ಹೆಚ್ಚಿಗಿನವು ಖಾಲಿ. ಈ ಎರಡು ಕಟ್ಟಳೆಗಳ ನಡುವೆ ನಾನು ಸಿಕ್ಕಿಬಿದ್ದ ದಿನದ ಮಾತು ಹೇಳಬೇಕು.

ಅದು ಕೊರೊನಾದ ಹಿಂದಿನ ವರ್ಷ. ಅಂದಿನ ಹೆಸರು ಅದಲಿ-ಬದಲಿ ದಿನ. ಒಂದು ದಿನದ ಮಟ್ಟಿಗೆ ಪ್ರತಿಯೊಬ್ಬರೂ ಇನ್ನೊಬ್ಬರಾಗಬೇಕು. ಅದಕ್ಕಾಗಿ ತಿಕೋಟಾದ ಹತ್ತಿರದ ಒಂದು ದ್ರಾಕ್ಷಿ ತೋಟಕ್ಕೆ ಹೋಗಿದ್ದೆವು. ಅಲ್ಲಿ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಕಡ್ಡಿ, ಕಪ್ಪು ಕಾಯಿ ಆರಿಸುತ್ತಿದ್ದರು. ನಮ್ಮ ಮೂವತ್ತಾರು ಮಕ್ಕಳು ಗಂಟೆ ಹೊತ್ತು ಕೂಲಿಯವರಾದರು, ತೋಟದ ಯಜಮಾನರಾದರು, ಲಾರಿ ಡ್ರೈವರರಾದರು. ಶೆಡ್ಡಿನ ಆಳುಗಳ ಮಕ್ಕಳು ಏಳೆಂಟು ಮಂದಿ ಖಾಲಿ ಹಳದಿ ಟೊಪ್ಪಿಗೆ ಹಾಕಿಕೊಂಡು ಬಾಯಾರಾದರು, ನಮ್ಮನ್ನೆಲ್ಲ ಕೈ ಕಟ್ಟಿಸಿ ಕೂಡಿಸಿ ಮಗ್ಗಿ ಹೇಳಿಸಿದರು. ಅಂಜಿಕಿ ಪಟ್ಟಿಯ ತುದಿಯಲ್ಲಿ ಕೆಂಪು ಮಸಿಯಲ್ಲಿ ಬರೆದಿದ್ದುದು ತೋಟದ ಹಿಂದಿನ ಕೃಷಿ ಹೊಂಡ. ಪ್ಲಾಸ್ಟಿಕ್ ಹಾಸಿದ ಆಳದ ಹೊಂಡ. ಬಿದ್ದವರು ದೊಡ್ಡವರಾದರೂ ಜಾರುವ ಹಾಳೆಯ ಮೇಲೆ ಹತ್ತಿ ಬರಲಾರರು. ಆ ಕಡೆ ಹೋಗುವ ದಾರಿಯಲ್ಲಿ ಬಾಯಾರು ಇಡೀ ಮುಂಜಾನೆ ಒಂದು ಖುರ್ಚಿ ಹಾಕಿಕೊಂಡು ಕುಳಿತಿದ್ದರು.

ಹನ್ನೊಂದಕ್ಕೆ ಹೊರಡಬೇಕು. ಬಸ್ಸು ಹತ್ತುವ ಹೊತ್ತಿಗೆ ಒಬ್ಬ ಹುಡುಗನ ಮೂಗಿನಿಂದ ರಕ್ತ. ಬಾಯಾರು ಅವನ ತಲೆ ಹಿಡಿದು ನೀರು ತಟ್ಟುತ್ತ, "ನೀ ಎಣಸಿ ಬಿಡು" ಎಂದು ನನಗೆ ಕೂಗಿದರು. ನಾನು ಬಸ್ಸಿನ ಬಾಗಿಲಲ್ಲಿ ನಿಂತೆ. ಬಿಸಿಲಿಗೆ ಕಣ್ಣು ಕತ್ತಲೆ ಬರುತ್ತಿತ್ತು, ಹುಡುಗರ ಗದ್ದಲಕ್ಕೆ ತಲೆ ಸಿಡಿಯುತ್ತಿತ್ತು. ಹಾಳೆ ಹಿಡಿದು ಟೊಪ್ಪಿಗೆಯ ಮೇಲಿನ ಹೆಸರು ಓದುತ್ತ ಗುರುತು ಹಾಕಿದೆ. ಮೂಗು ಹಿಡಿದು ನಿಂತವನನ್ನೂ ಸೇರಿಸಿ ಮೂವತ್ತಾರು ಹೆಸರು, ಮೂವತ್ತಾರು ಟೊಪ್ಪಿಗೆ.

"ಬರೋಬ್ಬರಿ ಅದಾರ್ರಿ ಬಾಯಾರ!"

"ಮುಖಾ ನೋಡೀಯಿಲ್ಲೊ?"

"ನೋಡೇನ್ರಿ" ಎಂದೆ.

ಈ ಒಂದು ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ತಪ್ಪು ಎಣಿಸಿದ್ದು ಆಯಿತು, ಅದು ಯಾರಿಗಾದರೂ ಆಗುತ್ತದೆ. ಸುಳ್ಳು ಯಾಕೆ ಹೇಳಿದೆ?

ಬಸ್ಸು ನಾಲ್ಕೈದು ಕಿಲೋಮೀಟರು ಬಂದಿರಬೇಕು. ಬಾಯಾರು ಸೌತೆಕಾಯಿಯ ಹೋಳು ಹಂಚುತ್ತ ಹಿಂದಕ್ಕೆ ಹೋದರು. "ಕೈ ಮುಂದ ಮಾಡು, ಕೈ ಮುಂದ ಮಾಡು." ಕಿಟಕಿಯ ಪಕ್ಕದ ಹುಡುಗಿಯ ಹತ್ತಿರ ಅವರ ದನಿ ನಿಂತಿತು. ಅವಳ ಟೊಪ್ಪಿಗೆಯ ಮೇಲೆ ಮೆಹಕ್ ಎಂದು ಬರೆದಿತ್ತು. ಮೆಹಕ್ ಎಂಟು ವರ್ಷದ ಚೂಟಿ ಹುಡುಗಿ, ಹಿಂದಿನ ವಾರ ಅಕ್ಕನ ಮದುವೆಯಲ್ಲಿ ಹಾಕಿಸಿಕೊಂಡ ಮೆಹಂದಿಯನ್ನು ಶಿಬಿರದಲ್ಲಿ ಎಲ್ಲರಿಗೂ ತೋರಿಸಿದ್ದಳು. ಈ ಅಂಗೈಯಲ್ಲಿ ಮೆಹಂದಿ ಇರಲಿಲ್ಲ. ಬೆರಳ ಸಂದಿಯಲ್ಲಿ ಒಣದ್ರಾಕ್ಷಿಯ ಅಂಟು, ಅದರ ಮೇಲೆ ಧೂಳು. ಬಾಯಾರು ಮೆಲ್ಲಗೆ ಟೊಪ್ಪಿಗೆ ಎತ್ತಿದರು. ಶೆಡ್ಡಿನಲ್ಲಿ ನಮಗೆ ಮಗ್ಗಿ ಹೇಳಿಸಿದ ಹುಡುಗಿ.

"ಗಾಡಿ ತಿರುಗಸ್ರಿ" ಎಂದರು ಡ್ರೈವರಿಗೆ. ಕೂಗಲಿಲ್ಲ.

ಕೂಗಿದವಳು ನಾನು. ಆ ಹುಡುಗಿಯ ರಟ್ಟೆ ಹಿಡಿದು, "ಎಲ್ಲಿ ಅದಾಳ ಮೆಹಕ್? ಹೇಳ್ತೀಯೊ ಇಲ್ಲೊ?" ಎಂದು ಅಲ್ಲಾಡಿಸಿದೆ. ಹುಡುಗಿಯ ಮುಖ ಕಪ್ಪಿಟ್ಟಿತು, ಬಾಯಿ ಕಟ್ಟಿತು. ಬಾಯಾರು ನನ್ನ ಕೈ ಬಿಡಿಸಿದರು.

"ಅಂಜಸಬ್ಯಾಡ. ಅಂಜಿದ ಕೂಸು ಬಾಯಿ ಬಿಡೂದಿಲ್ಲ. ನೀ ಮುಂದ ಹೋಗಿ ಕೂಡು."

ತೋಟದ ಯಜಮಾನರಿಗೆ ಫೋನ್ ಹಚ್ಚಿದರೆ ಗಂಟೆ ಬಾರಿಸುತ್ತದೆ, ಎತ್ತುವವರಿಲ್ಲ. ಆ ಹತ್ತು ನಿಮಿಷದ ದಾರಿ ನನಗೆ ನೆನಪಿಲ್ಲ. ನೆನಪಿರುವುದು ಹೊಂಡ. ಹಸಿರು ನೀರು, ಕರಿ ಪ್ಲಾಸ್ಟಿಕ್, ಮೇಲೆ ತೇಲುವ ಏನೋ ಒಂದು. ನೋಡದೇ ಇದ್ದುದನ್ನೆಲ್ಲ ನೋಡುತ್ತಿದ್ದೆ. ನಾವು ಹೊರಟ ಮೇಲೆ ಆ ದಾರಿಯ ಖುರ್ಚಿ ಖಾಲಿಯಾಗಿದೆ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಸಿದ್ಧೇಶ್ವರಾ, ಇದೊಂದು ಸಲ ಪಾರು ಮಾಡಪ್ಪಾ ಎಂದು ಬೇಡಿಕೊಂಡೆ.

ಬಸ್ಸು ನಿಲ್ಲುವ ಮೊದಲೇ ಜಿಗಿದು ಹೊಂಡದ ಕಡೆ ಓಡಿದೆ. ಅಲ್ಲಿ ಜನ ನೆರೆದಿತ್ತು. ಯಜಮಾನರು ಹಗ್ಗ ಹಿಡಿದು ನಿಂತಿದ್ದರು, ಒಬ್ಬ ಆಳು ಉದ್ದನೆಯ ಬಿದಿರಿನಿಂದ ನೀರು ಕಲಕುತ್ತಿದ್ದ. ದಂಡೆಯ ಮೇಲೆ ಒಬ್ಬ ಹೆಣ್ಣುಮಗಳು ಎದೆ ಬಡಿದುಕೊಳ್ಳುತ್ತ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದಳು.

"ಗಂಗವ್ವಾ! ಎಲ್ಲಿ ಹೋದ್ಯೇ ನನ್ನವ್ವಾ! ಯಪ್ಪಾ, ನನ್ನ ಮಗಳ್ರೀ!"

ಅವಳ ಹಿಂದೆ, ಸೆರಗಿನ ಚುಂಗು ಹಿಡಿದುಕೊಂಡು, ಮೆಹಂದಿ ಕೈಯ ಮೆಹಕ್ ಅಳುತ್ತ ಓಡುತ್ತಿದ್ದಳು.

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ನಾವು ನಮ್ಮ ಹುಡುಗಿಯನ್ನು ಹುಡುಕಿಕೊಂಡು ಬಂದರೆ, ಇಲ್ಲಿ ತಾಯಿಯೊಬ್ಬಳು ತನ್ನ ಮಗಳನ್ನು ಹುಡುಕುತ್ತಿದ್ದಳು. ಅವಳ ಮಗಳು ನಮ್ಮ ಬಸ್ಸಿನಲ್ಲಿದ್ದಳು. ದಾರಿಯುದ್ದಕ್ಕೂ ನಾನು ಮೆಹಕ್‌ಳ ತಾಯಿಗೆ ಏನು ಹೇಳಲಿ ಎಂದು ಯೋಚಿಸಿದ್ದೆ. ಈ ಹುಡುಗಿಗೂ ಒಬ್ಬ ತಾಯಿ ಇರುತ್ತಾಳೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಬಾಯಾರಿಗೆ ಹೊಳೆದಿತ್ತು. ಅವರು ಗಂಗಾಳ ಕೈ ಹಿಡಿದು ಬಿರಬಿರನೆ ಬಂದು ಅವಳನ್ನು ತಾಯಿಯ ಮುಂದೆ ನಿಲ್ಲಿಸಿದರು. ತಾಯಿ ಮೊದಲು ಒಂದು ಏಟು ಹಾಕಿದಳು, ಆಮೇಲೆ ಅಪ್ಪಿಕೊಂಡು ನೆಲಕ್ಕೆ ಕುಸಿದಳು. ಬಾಯಾರು ಆ ಬಿಸಿ ಮಣ್ಣಿನಲ್ಲೇ ಅವಳ ಎದುರು ಕುಳಿತು ಕೈ ಮುಗಿದರು.

"ತಪ್ಪ ನಮ್ದು ತಂಗಿ. ನಿನ್ನ ಕೇಳದ ನಿನ್ನ ಮಗಳನ್ನ ಒಯ್ದೀವಿ. ಬಯ್ಯೂದಿದ್ರ ನನಗ ಬೈ. ಎಣಿಸಿದಾಕಿ ನಾನ."

ನಾನು ಮೂರು ಹೆಜ್ಜೆ ಹಿಂದೆ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅಂಜಿದ ಕೂಸಿನ ಹಾಗೆ.

ಆಮೇಲೆ ತಿಳಿಯಿತು. ಮೋಸವಿಲ್ಲ, ಮುನಿಸಿಲ್ಲ, ಇಬ್ಬರೂ ಹುಡುಗಿಯರು ಮಾತಾಡಿಕೊಂಡಿದ್ದರು. ಮೆಹಕ್‌ಗೆ ಆ ಹೆಣ್ಣುಮಕ್ಕಳ ಸಾಲಿನಲ್ಲಿ ಕುಳಿತು ಹಾಡು ಕೇಳುತ್ತ ದ್ರಾಕ್ಷಿ ಆರಿಸಬೇಕಿತ್ತು. ಗಂಗಾಳಿಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಶಿಬಿರಕ್ಕೆ ಹೋಗಬೇಕಿತ್ತು. ಟೊಪ್ಪಿಗೆ ಅದಲಿ-ಬದಲಿ ಮಾಡಿಕೊಂಡರು. ತಾಯಿ ಎದೆ ಬಡಿದುಕೊಳ್ಳುವುದನ್ನು ಕಂಡು ಅಂಜಿದ ಮೆಹಕ್‌ಗೆ ನಿಜ ಹೇಳಲು ಬಾಯಿ ಬಂದಿರಲಿಲ್ಲ. ಮರುಪ್ರಯಾಣದಲ್ಲಿ ಬಾಯಾರು, "ಆಟ ಕಲಿಸಿದವ್ರು ನಾವು. ಅವು ಚೊಲೊ ಕಲ್ತಾವ" ಎಂದಷ್ಟೇ ಹೇಳಿದರು. ವಿಜಯಪುರ ಮುಟ್ಟುವವರೆಗೂ ಬೆರಳು ಮಡಿಚುತ್ತ ಮುಖ ಎಣಿಸುತ್ತಲೇ ಇದ್ದರು. ಅಂಜಿಕಿ ಪಟ್ಟಿಯಲ್ಲಿ ನಾವು ಹಾವು, ಬಿಸಿಲು, ಹೊಂಡ ಎಲ್ಲ ಬರೆದಿದ್ದೆವು. ಮಕ್ಕಳು ನಾವು ಹೇಳಿದ್ದನ್ನು ನಿಜವಾಗಿಯೂ ಮಾಡಿಬಿಟ್ಟರೆ ಎಂದು ಬರೆದಿರಲಿಲ್ಲ.

ಅಂದೇ ಸಂಜೆ ಬಾಯಾರು ಮೆಹಕ್‌ಳ ಮನೆಗೆ ಹೋಗಿ ತಾವೇ ಎಲ್ಲ ಹೇಳಿ ಬೈಸಿಕೊಂಡು ಬಂದರು. ಮಂಡಳಿಯವರು ಕರೆದು ಯಾರು ಎಣಿಸಿದ್ದೆಂದು ಕೇಳಿದರು. ನಾನು ಅಲ್ಲೇ ಗೋಡೆಗೆ ಆತು ನಿಂತಿದ್ದೆ. "ಎಣಸೂ ಕೆಲಸ ನಂದ್ರಿ" ಎಂದರು. ಹೊರಗೆ ಬಂದ ಮೇಲೆ ಅಳುತ್ತ, ನಾನೇ ಹೇಳುತ್ತೇನೆ ಎಂದೆ. "ಸುಮ್ನಿರು. ನಿನಗ ಇನ್ನೂ ಭಾಳ ಬ್ಯಾಸಗಿ ಅದಾವು. ಈಗ ಅಂಜೀಯಲ್ಲ, ಇನ್ನ ಚೊಲೊ ಎಣಸ್ತೀ" ಎಂದರು. ನಾನು ಸುಮ್ಮನಾದೆ. ಸುಮ್ಮನಾಗುವುದು ನನಗೆ ಹಿತವಾಗಿಯೇ ಇತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಕೊರೊನಾ ಬಂದು ಎರಡು ವರ್ಷ ಶಿಬಿರ ನಿಂತಿತು. ಮತ್ತೆ ಶುರುವಾದಾಗ ಮಂಡಳಿಯವರು ಬಾಯಾರನ್ನು ಕರೆಯಲಿಲ್ಲ. "ವಯಸ್ಸಾತು, ಮರವು ಜಾಸ್ತಿ" ಎಂದರು. ನನ್ನನ್ನು ಕರೆದರು. ನಾನು ಹೂಂ ಎಂದೆ. ಆ ವರ್ಷದಿಂದಲೇ ಆ ಫೋನ್ ಶುರುವಾದದ್ದು. "ನಂದೊಂದು ಟೊಪ್ಪಿಗಿ ತಗದಿಡು." ಮನೆಗೆ ಒಯ್ದು ಕೊಟ್ಟರೆ ತಿರುಗಿಸಿ ನೋಡಿ, "ಅಂಟು ಸಾಲದು" ಎಂದು ತಪ್ಪು ತೆಗೆದು ಟ್ರಂಕಿನ ಮೇಲೆ ಇಡುತ್ತಿದ್ದರು. ಶಿಬಿರದ ನೆನಪಿಗೆ ಇಟ್ಟುಕೊಳ್ಳುತ್ತಾರೆ, ಪಾಪ, ಎಂದುಕೊಂಡಿದ್ದೆ. ಅವರ ಕೈಯಿಂದ ಶಿಬಿರ ಕಸಿದುಕೊಂಡವಳು ನಾನು, ವರ್ಷಕ್ಕೊಂದು ಕಾಗದದ ಟೊಪ್ಪಿಗೆ ಕೊಟ್ಟು ಬರುತ್ತಿದ್ದೆ.

ಈ ವರ್ಷ ಪಾಲಕರು ಮತ್ತೆ ದ್ರಾಕ್ಷಿ ತೋಟಕ್ಕೆ ಕರೆದುಕೊಂಡು ಹೋಗಿರೆಂದು ಗಂಟುಬಿದ್ದರು. ಇಷ್ಟು ವರ್ಷ ಏನಾದರೂ ನೆವ ಹೇಳಿ ತಪ್ಪಿಸುತ್ತಿದ್ದೆ. ಈ ಸಲ ಮಂಡಳಿಯವರೂ ದನಿಗೂಡಿಸಿದರು. ಮೊನ್ನೆ ಮುಂಜಾನೆ ಅಂಜಿಕಿ ಪಟ್ಟಿಯ ಹಾಳೆ ಹಿಡಿದು ಒಬ್ಬಳೇ ತಿಕೋಟಾದ ಬಸ್ಸು ಹತ್ತಿದೆ. ಮಾದರಿಗೆಂದು ಮಾಡಿದ್ದ ಗಾಳಿ ದಿನದ ನೀಲಿ ಟೊಪ್ಪಿಗೆಯೊಂದು ಚೀಲದಲ್ಲಿತ್ತು. ಇಳಿದವಳು ಮೊದಲು ಹೊಂಡ ನೋಡಿದೆ. ಈಗ ಸುತ್ತ ಎತ್ತರದ ತಂತಿ ಬೇಲಿ ಹಾಕಿ ಗೇಟಿಗೆ ಕೀಲಿ ಜಡಿದಿದ್ದಾರೆ. ಕೀಲಿ ಜಗ್ಗಿ ನೋಡಿ ಶೆಡ್ಡಿನ ಕಡೆ ಹೋದೆ.

ಹೆಣ್ಣುಮಕ್ಕಳು ಹಾಗೆಯೇ ಸಾಲಾಗಿ ಕುಳಿತು ದ್ರಾಕ್ಷಿ ಆರಿಸುತ್ತಿದ್ದರು. ಗಂಗಾಳ ತಾಯಿಯ ಗುರುತು ಹತ್ತಿತು. ಅವಳ ಹಿಂದಿನ ತಗಡಿನ ಗೋಡೆಗೆ, ಮೊಳೆಗಳಿಗೆ ತೂಗುಹಾಕಿದ ಐದು ಕಾಗದದ ಟೊಪ್ಪಿಗೆ. ಮೊದಲನೆಯದು ಹಳದಿ, ಬಣ್ಣ ಹೋಗಿದೆ. ಮೇಲಿನ ಮೆಹಕ್ ಎನ್ನುವ ಹೆಸರಿಗೆ ಗೀಟು ಎಳೆದು ಕೆಳಗೆ ಗಂಗಾ ಎಂದು ಬಾಯಾರ ದುಂಡನೆಯ ಅಕ್ಷರದಲ್ಲಿ ಬರೆದಿದೆ. ಉಳಿದ ನಾಲ್ಕು ನಾನು ಕೊಟ್ಟವು. ಮೀನು, ಚಂದ್ರ, ಸೂರ್ಯ, ಗುಬ್ಬಿ. ನಾಲ್ಕರ ಮೇಲೂ ಗಂಗಾ.

ನಾನು ನಿಂತೇ ಇದ್ದುದನ್ನು ಕಂಡು ಅವಳೇ ಕೇಳಿದಳು. "ಯಾರ ಬೇಕ್ರಿ?"

"ಇವು... ಈ ಟೊಪ್ಪಿಗಿ..."

"ನನ್ನ ಮಗಳವ್ರಿ. ವಿಜಾಪುರದ ಬಾಯಾರ ಒಬ್ರು ಅದಾರ. ಬ್ಯಾಸಗ್ಯಾಗ ಒಂದಿನ ಬರ್ತಾರ, ನನ್ನ ಕೇಳಿ ಆಕಿನ್ನ ಬಸ್ಸಿನಾಗ ಕಿಡಕಿ ಬಾಜೂಕ ಕುಂಡ್ರಿಸ್ಕೊಂಡು ಒಯ್ತಾರ. ಗೋಳಗುಮ್ಮಟ ತೋರಸ್ತಾರ, ಮನ್ಯಾಗ ಆಟ ಆಡಸ್ತಾರ. ಇಬ್ಬರದ ಶಿಬಿರ ಅಂತ. ನಾಕು ವರ್ಷ ಆತು. ಈ ವರ್ಷ ಯಾಕೊ ಇನ್ನೂ ಬಂದಿಲ್ಲ. ನಿಮಗ ಅವರ ಗುರ್ತ ಐತೇನ್ರಿ?"

ಹೇಳಬೇಕಾಯಿತು. ಅವಳು ಕೈಯಲ್ಲಿದ್ದ ದ್ರಾಕ್ಷಿಯನ್ನು ಮೆಲ್ಲಗೆ ತಟ್ಟೆಗೆ ಹಾಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಕ್ಕದವರ ಹಾಡು ನಿಂತಿತು. ಬಾಯಾರ ಮೇಲೆ ನನಗೆ ಸಿಟ್ಟು ಬಂತು. ನಾಲ್ಕು ವರ್ಷ ನನ್ನ ಕೈಯಿಂದಲೇ ಟೊಪ್ಪಿಗೆ ಇಸಿದುಕೊಂಡು, ಒಂದು ಮಾತು ಹೇಳಲಿಲ್ಲವಲ್ಲ! ಆ ಸಿಟ್ಟಿನಲ್ಲೋ ಏನೋ, ಏಳು ವರ್ಷ ಕಟ್ಟಿದ್ದ ಬಾಯಿ ಬಿಟ್ಟಿತು.

"ಅವತ್ತ ಎಣಿಸಿದಾಕಿ ನಾನ್ರಿ. ಬಾಯಾರ ಅಲ್ಲ. ಮುಖಾ ನೋಡ್ಲಿಲ್ಲ, ಟೊಪ್ಪಿಗಿ ಎಣಿಸಿದ್ದೆ. ನಿಮ್ಮ ಮಗಳನ್ನ ಒಯ್ದಾಕಿ ನಾನು."

ಅವಳು ನನ್ನನ್ನು ನೋಡಿದಳು. ಬೈಯಲಿಲ್ಲ, ಇರಲಿ ಬಿಡ್ರಿ ಎಂದೂ ಅನ್ನಲಿಲ್ಲ. ಅಷ್ಟರಲ್ಲಿ ಗಂಗಾ ನೀರಿನ ಕೊಡ ಹೊತ್ತು ಒಳಗೆ ಬಂದಳು. ಹದಿನೈದರ ಹುಡುಗಿ, ತಾಯಿಗಿಂತ ಎತ್ತರ. ನಾನು ಚೀಲದಿಂದ ನೀಲಿ ಟೊಪ್ಪಿಗೆ ತೆಗೆದೆ. ಅವಳು ಅದನ್ನು ನೋಡಿದಳು, ನನ್ನ ಹಿಂದೆ ಬಾಗಿಲ ಕಡೆ ನೋಡಿದಳು, ಆಮೇಲೆ ತಾಯಿಯ ಮುಖ ನೋಡಿದಳು. ಬಾಯಾರು ಇಲ್ಲವೆಂದು ಅವಳಿಗೆ ತಿಳಿಯಿತು.

"ನಾ ಕರ್ಕೊಂಡು ಹೋಗ್ಲೇನ್ರಿ?" ಎಂದೆ ತಾಯಿಗೆ. ಇಲ್ಲ ಎಂದುಬಿಟ್ಟರೆ ಎಂದು ಅಂಜಿಕೆ, ಹೂಂ ಎಂದುಬಿಟ್ಟರೆ ಎಂದು ಇನ್ನೂ ಹೆಚ್ಚಿನ ಅಂಜಿಕೆ.

ಅವಳು ಬಹಳ ಹೊತ್ತು ದ್ರಾಕ್ಷಿಯ ಕಡ್ಡಿ ಆರಿಸಿದಳು.

"ಎಷ್ಟಕ್ಕ ತಂದು ಬಿಡ್ತೀರಿ?"

"ಐದಕ್ಕ."

"ಬಾಯಾರ ನಾಕಕ್ಕ ತರ್ತಿದ್ರು."

"ನಾಕಕ್ಕ ತರ್ತೇನ್ರಿ."

ತಿಕೋಟಾದ ಬಸ್‌ಸ್ಟ್ಯಾಂಡಿನವರೆಗೆ ನಡೆದುಕೊಂಡು ಹೋದೆವು. ಗಂಗಾ ಟೊಪ್ಪಿಗೆಯನ್ನು ತಲೆಗೆ ಹಾಕಲಿಲ್ಲ, ಎದೆಗೆ ಒತ್ತಿ ಹಿಡಿದಿದ್ದಳು. ಅದರ ಮೇಲೆ ಇನ್ನೂ ಹೆಸರು ಬರೆದಿರಲಿಲ್ಲ. ಅರ್ಧ ದಾರಿಯಲ್ಲಿ ಅವಳು ಮೆಲ್ಲಗೆ, "ಕೈ ಬಿಡ್ರೀ ಅಕ್ಕಾರ, ಮಂದಿ ನೋಡಾಕತ್ತಾರ. ನಾ ದೊಡ್ಡಾಕಿ ಆಗೇನಿ" ಎಂದಳು.

"ಆಗೀಯವ್ವಾ" ಎಂದೆ. ಅವಳ ಮುಖವನ್ನು ಇನ್ನೊಮ್ಮೆ ನೋಡಿದೆ. ಕೈ ಮಾತ್ರ ಬಿಡಲಿಲ್ಲ.